ಹಲ್ಲಿನ ಬಿಲ್‌ನಲ್ಲಿ ಮೂಗಿನ ಲೆಕ್ಕ ಯಾಕೆ? ಸೈನಸ್ ಲಿಫ್ಟ್‌ಗೆ ಸಹಿ ಹಾಕೋ ಮುಂಚೆ ತಿಳ್ಕೊಳ್ಳಬೇಕಾದ್ದು

(ಪಾಡ್‌ಕ್ಯಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತಿನ ವಿಷಯ ಸೈನಸ್ ಲಿಫ್ಟ್. ಹೆಸರು ಕೇಳಿದ್ರೆ ಮೂಗಿನ ಆಪರೇಷನ್ ಥರ ಇದೆ. ಆದ್ರೆ ಇದು ಹಲ್ಲಿನ ಡಾಕ್ಟರ್ ಮಾಡೋದು. ಮೇಲಿನ ದವಡೆಯ ಹಿಂದಿನ ಹಲ್ಲು ಹೋಗಿ, ಅಲ್ಲಿ ಇಂಪ್ಲಾಂಟ್ ಹಾಕಬೇಕು ಅಂದಾಗ, "ಮೂಳೆ ಸಾಲಲ್ಲ, ಸೈನಸ್ ಲಿಫ್ಟ್ ಮಾಡ್ಬೇಕಾಗುತ್ತೆ" ಅಂತಾರಲ್ಲ, ಅದು. ನಮ್ಮ ವಯಸ್ಸಿನವರಿಗೆ ಇದು ಯಾಕೆ ಅಂತ ಅನ್ನಿಸಬಹುದು. ಎರಡು ಕಾರಣ ಇದೆ. ಒಂದು, ಈ ಎಸ್ಟಿಮೇಟ್ ಸಾಮಾನ್ಯವಾಗಿ ನಮ್ಮ ಅಪ್ಪ-ಅಮ್ಮನ ಕೈಗೆ ಬರುತ್ತೆ, ಆಮೇಲೆ ವಾಟ್ಸಾಪ್‌ನಲ್ಲಿ ನಮ್ಮ ಹತ್ರ ಬರುತ್ತೆ, ದುಡ್ಡು ಹೊಂದಿಸೋದು ನಾವು. ಇನ್ನೊಂದು, ಈ ಸರ್ಜರಿ ಬೇಕಾಗುತ್ತೋ ಇಲ್ವೋ ಅನ್ನೋದು ಬಹಳಷ್ಟು ಸಲ ಹಲ್ಲು ಕೀಳಿಸಿಕೊಳ್ಳೋ ದಿನವೇ ಅರ್ಧ ತೀರ್ಮಾನ ಆಗಿರುತ್ತೆ. ಆ ದಿನ ನಮಗೆ 25 ವರ್ಷವೇ ಆಗಿರಬಹುದು.

ನಾನು ಓದಿದ್ದು ಬಿ.ಕಾಂ. ಡಾಕ್ಟರ್ ಅಲ್ಲ. ಇಲ್ಲಿ ಹೇಳೋದು ಯಾರಿಗೂ ಚಿಕಿತ್ಸೆಯ ಸಲಹೆ ಅಲ್ಲ. ಆದ್ರೆ ಒಂದು ಎಸ್ಟಿಮೇಟ್ ಓದೋದು, ಅದರ ಪ್ರತಿ ಸಾಲಿಗೂ "ಇದು ಯಾಕೆ" ಅಂತ ಕೇಳೋದು ನಂಗೆ ಗೊತ್ತು. ಕಳೆದ ವರ್ಷ ನಮ್ಮಮ್ಮನ ಎಸ್ಟಿಮೇಟ್ ಹಿಡ್ಕೊಂಡು ಅದನ್ನೇ ಮಾಡಿದ್ದು.

ನಂಬರ್ ನೋಡಿ ಶುರು ಮಾಡೋಣ

ಅಮ್ಮನಿಗೆ 56 ವರ್ಷ, ಇರೋದು ದಾವಣಗೆರೆಯಲ್ಲಿ. ಬಲಗಡೆ ಮೇಲಿನ ಎರಡು ದವಡೆ ಹಲ್ಲು ಹುಳುಕಾಗಿ, ಆರು ವರ್ಷದ ಹಿಂದೆ ಕೀಳಿಸಿದ್ರು. ಅಲ್ಲಿಂದ ಊಟ ಎಲ್ಲಾ ಎಡಗಡೆಯಲ್ಲೇ. ಈಗ ಎಡಗಡೆಯೂ ನೋವು ಶುರುವಾಗಿ, ಒಂದು ಕ್ಲಿನಿಕ್‌ಗೆ ಹೋದ್ರು. ಅವರು ಕೊಟ್ಟ ಹಾಳೆ ಹೀಗಿತ್ತು: ಇಂಪ್ಲಾಂಟ್ ಮತ್ತು ಕ್ಯಾಪ್ ಎರಡು, ತಲಾ 38,000. ಸೈನಸ್ ಲಿಫ್ಟ್ ವಿತ್ ಬೋನ್ ಗ್ರಾಫ್ಟ್, 45,000. ಸ್ಕ್ಯಾನ್ 3,000. ಒಟ್ಟು 1,24,000 ರೂಪಾಯಿ. ಕೆಳಗೆ ಪೆನ್ನಿನಲ್ಲಿ, ಈ ವಾರ ಅಡ್ವಾನ್ಸ್ ಕಟ್ಟಿದ್ರೆ 10 ಪರ್ಸೆಂಟ್ ಡಿಸ್ಕೌಂಟ್ ಅಂತ ಬರೆದಿತ್ತು.

ಅಮ್ಮ ಫೋನ್ ಮಾಡಿ ಕೇಳಿದ್ದು ದುಡ್ಡಿನ ವಿಷಯ ಅಲ್ಲ. "ನಂಗೆ ಸೈನಸ್ ಇಲ್ವಲ್ಲೇ, ಇವರ್ಯಾಕೆ ಅದನ್ನ ಬರೆದಿದಾರೆ?" ಅಂತ.

ಒಳ್ಳೆ ಪ್ರಶ್ನೆ ಅದು. ನಾವೆಲ್ಲ "ನಂಗೆ ಸೈನಸ್ ಇದೆ" ಅಂತೀವಿ. ತಲೆ ಭಾರ, ಮೂಗು ಕಟ್ಟೋದು, ಬೆಂಗಳೂರಿನ ಧೂಳು, ಇದಕ್ಕೆಲ್ಲ ಸೈನಸ್ ಅಂತ ಹೆಸರಿಟ್ಟಿದೀವಿ. ನಿಜ ಅಂದ್ರೆ ಸೈನಸ್ ಕಾಯಿಲೆಯ ಹೆಸರಲ್ಲ, ಜಾಗದ ಹೆಸರು. ಮುಖದ ಮೂಳೆಯ ಒಳಗಿರೋ ಗಾಳಿ ತುಂಬಿದ ಖಾಲಿ ಕೋಣೆಗಳು. ಎಲ್ಲರಿಗೂ ಇರುತ್ತೆ. ಅದರಲ್ಲಿ ದೊಡ್ಡದು ಕೆನ್ನೆಯ ಹಿಂದೆ, ಎರಡೂ ಕಡೆ ಒಂದೊಂದು. ದೊಡ್ಡವರಲ್ಲಿ ಒಂದೊಂದು ಕೋಣೆ ಸುಮಾರು 12ರಿಂದ 15 ಮಿಲಿಲೀಟರ್, ಅಂದ್ರೆ ಹೆಚ್ಚುಕಡಿಮೆ ಮೂರು ಟೀ ಚಮಚ ನೀರು ಹಿಡಿಯೋಷ್ಟು. ಈ ಕೋಣೆಯ ನೆಲದ ಕೆಳಗೇ ಮೇಲಿನ ದವಡೆ ಹಲ್ಲುಗಳ ಬೇರು ಇರೋದು. ಕೆಲವರಲ್ಲಂತೂ ಬೇರಿಗೂ ಕೋಣೆಗೂ ಮಧ್ಯೆ ತೆಳ್ಳನೆ ಪದರ ಅಷ್ಟೇ. ಜೋರು ನೆಗಡಿ ಬಂದಾಗ ಮೇಲಿನ ಹಲ್ಲು ನೋಯೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಇದನ್ನ ವಿವರವಾಗಿ ಬರೆದವರು ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್, 1651ರಲ್ಲಿ. ಅವರ ಹತ್ರ ಬಂದ ಒಬ್ಬ ಮಹಿಳೆ ಮೇಲಿನ ಹಲ್ಲು ಕೀಳಿಸಿಕೊಂಡಿದ್ರು. ಆ ಗುಳಿಯೊಳಗೆ ಕಡ್ಡಿ ಹಾಕಿ ನೋಡಿದ್ರೆ ಅದು ಒಳಗೆ ಹೋಗ್ತಾನೇ ಇದೆ. ಮೆದುಳಿಗೇ ಹೋಗ್ತಿದೆ ಅಂತ ಅವರು ಹೆದರಿದ್ರಂತೆ. ಹೋಗಿದ್ದು ಸೈನಸ್‌ಗೆ. ಹಳೆಯ ಪುಸ್ತಕಗಳಲ್ಲಿ ಇವತ್ತಿಗೂ ಈ ಜಾಗಕ್ಕೆ ಹೈಮೋರ್ ಹೆಸರೇ ಇದೆ.

ಮೂಳೆ ಎಲ್ಲಿ ಹೋಯ್ತು?

ಇಂಪ್ಲಾಂಟ್ ಅಂದ್ರೆ ಟೈಟಾನಿಯಂ ಸ್ಕ್ರೂ. ಗೋಡೆಗೆ ಸ್ಕ್ರೂ ಹೊಡೆದ ಹಾಗೆ ದವಡೆ ಮೂಳೆಗೆ ತಿರುಗಿಸಿ ಕೂರಿಸ್ತಾರೆ. ಮೂಳೆ ಅದರ ಮೈಗೆ ಅಂಟಿಕೊಂಡು ಬೆಳೆಯುತ್ತೆ. ಆಮೇಲೆ ಅದರ ಮೇಲೆ ಕ್ಯಾಪ್. ಟೈಟಾನಿಯಂ ಮತ್ತು ಮೂಳೆ ಹೀಗೆ ಬೆಸೆದುಕೊಳ್ಳೋದನ್ನ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಮೇಲೆ ಬೇರೇನೋ ಸಂಶೋಧನೆ ಮಾಡುವಾಗ ಗಮನಿಸಿದ್ರು. 1965ರಲ್ಲಿ ಮೊದಲ ರೋಗಿಗೆ ಹಾಕಿದ್ರು.

ಗೋಡೆ ದಪ್ಪ ಇದ್ರೆ ಸ್ಕ್ರೂ ನಿಲ್ಲುತ್ತೆ. ಸಾಮಾನ್ಯ ಇಂಪ್ಲಾಂಟ್ ಉದ್ದ 8ರಿಂದ 12 ಮಿಲಿಮೀಟರ್. ಅಷ್ಟು ಎತ್ತರದ ಮೂಳೆ ಬೇಕು. ಅಮ್ಮನಿಗೆ ಅಷ್ಟಿರಲಿಲ್ಲ.

ಯಾಕೆ ಅಂದ್ರೆ, ಹಲ್ಲನ್ನ ಹಿಡಿದಿಟ್ಟಿರೋ ಮೂಳೆಗೆ ಹಲ್ಲೇ ಕೆಲಸ. ಅಗಿದಾಗಲೆಲ್ಲ ಬೇರಿನ ಮೂಲಕ ಮೂಳೆಗೆ ಒತ್ತಡ ಹೋಗುತ್ತೆ, ಮೂಳೆ ಗಟ್ಟಿಯಾಗಿರುತ್ತೆ. ಹಲ್ಲು ಹೋದ್ರೆ ಆ ಮೂಳೆಗೆ ಕೆಲಸ ಇಲ್ಲ, ಕರಗುತ್ತಾ ಹೋಗುತ್ತೆ. 2003ರಲ್ಲಿ ಪ್ರಕಟವಾದ, ದಂತವೈದ್ಯರು ಇವತ್ತಿಗೂ ಉಲ್ಲೇಖಿಸೋ ಒಂದು ಅಧ್ಯಯನದಲ್ಲಿ, ಹಲ್ಲು ಕಿತ್ತು ಒಂದು ವರ್ಷದೊಳಗೆ ಆ ಜಾಗದ ಮೂಳೆಯ ಅಗಲ ಸುಮಾರು ಅರ್ಧಕ್ಕೆ ಇಳಿದಿತ್ತು. ಆ ಇಳಿತದಲ್ಲಿ ಮೂರನೇ ಎರಡು ಭಾಗ ಮೊದಲ ಮೂರು ತಿಂಗಳಲ್ಲೇ.

ಮೇಲಿನ ದವಡೆಯಲ್ಲಿ ಇನ್ನೊಂದು ತಾಪತ್ರಯ. ಕೆಳಗಿಂದ ಮೂಳೆ ಕರಗುತ್ತೆ, ಮೇಲಿಂದ ಸೈನಸ್ ಕೋಣೆ ಕೆಳಕ್ಕೆ ಹಿಗ್ಗುತ್ತೆ. ಎರಡು ಅಂತಸ್ತಿನ ಮನೆ ಅಂದ್ಕೊಳ್ಳಿ. ಮಧ್ಯದ ಮೋಲ್ಡ್ ಎರಡೂ ಕಡೆಯಿಂದ ಸವೆಯುತ್ತಾ ತೆಳ್ಳಗಾಗ್ತಿದೆ. ಅಂಥ ಮೋಲ್ಡ್‌ಗೆ ಕೆಳಗಿಂದ ಉದ್ದ ಸ್ಕ್ರೂ ಹೊಡೆದ್ರೆ ಮೇಲಿನ ಮನೆಯ ನೆಲದಲ್ಲಿ ತುದಿ ಕಾಣುತ್ತೆ. ಇದೇ ಇಡೀ ಸಮಸ್ಯೆ.

ಲಿಫ್ಟ್ ಅಂದ್ರೆ ಏನನ್ನ ಎತ್ತೋದು?

ಸೈನಸ್ ಕೋಣೆಯ ಒಳಗೋಡೆಗೆ ಒಂದು ಪೊರೆ ಅಂಟಿಕೊಂಡಿರುತ್ತೆ. ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು, ಎಷ್ಟೋ ಜನರಲ್ಲಿ ಅದಕ್ಕಿಂತ ಕಡಿಮೆ. ಮೊಟ್ಟೆ ಸಿಪ್ಪೆಯ ಒಳಗೆ ಬಿಳಿ ಪೊರೆ ಇರುತ್ತಲ್ಲ, ಹಾಗೆ. ಆ ಪೊರೆಯನ್ನ ಹರಿಯದ ಹಾಗೆ ನೆಲದಿಂದ ಬಿಡಿಸಿ ಮೇಲಕ್ಕೆತ್ತೋದು, ಕೆಳಗಾದ ಖಾಲಿ ಜಾಗಕ್ಕೆ ಮೂಳೆ ಪುಡಿ ತುಂಬೋದು, ಕಾಲಕ್ರಮೇಣ ಅದು ಗಟ್ಟಿ ಮೂಳೆಯಾಗೋದು. ಸೈನಸ್ ಲಿಫ್ಟ್ ಅಂದ್ರೆ ಇಷ್ಟೇ. ಕೋಣೆಯ ನೆಲವನ್ನ ಸ್ವಲ್ಪ ಎತ್ತರಿಸೋದು.

ಅಮೆರಿಕದ ದಂತವೈದ್ಯ ಹಿಲ್ಟ್ ಟೇಟಮ್ 1970ರ ದಶಕದಲ್ಲಿ ಇದನ್ನ ಮಾಡಿ ತೋರಿಸಿದ್ರು. 1980ರಲ್ಲಿ ಬಾಯ್ನ್ ಮತ್ತು ಜೇಮ್ಸ್ ಅನ್ನೋರು ಇದರ ಬಗ್ಗೆ ಲೇಖನ ಪ್ರಕಟಿಸಿದ್ರು. ಅಂದ್ರೆ ಇದು ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ.

ಮಾಡೋ ವಿಧಾನ ಮುಖ್ಯವಾಗಿ ಎರಡು. ಎಸ್ಟಿಮೇಟ್‌ನಲ್ಲಿ ಯಾವುದು ಅಂತ ಬರೆದಿರೋದಿಲ್ಲ, ಕೇಳಲೇಬೇಕು.

ಮೊದಲನೆಯದು ಕಿಟಕಿ ವಿಧಾನ. ಒಸಡು ಬಿಡಿಸಿ, ಕೆನ್ನೆ ಕಡೆಯ ಮೂಳೆಯಲ್ಲಿ ಸಣ್ಣ ಕಿಟಕಿ ತೆರೆದು, ಅಲ್ಲಿಂದ ಪೊರೆ ಎತ್ತಿ ಗ್ರಾಫ್ಟ್ ತುಂಬ್ತಾರೆ. ಮೂಳೆ ತುಂಬಾ ಕಡಿಮೆ ಇದ್ದಾಗ ಇದು. ಅಲ್ಲಿರೋ ಮೂಳೆ 4-5 ಮಿಲಿಮೀಟರ್ ಇದ್ರೆ ಅದೇ ದಿನ ಇಂಪ್ಲಾಂಟನ್ನೂ ಹಾಕಬಹುದು. ಅದಕ್ಕಿಂತ ಕಡಿಮೆ ಇದ್ರೆ ಸ್ಕ್ರೂ ಅಲ್ಲಾಡದೆ ನಿಲ್ಲೋಕೆ ಆಧಾರ ಇರಲ್ಲ. ಹಾಗಾಗಿ ಮೊದಲು ಗ್ರಾಫ್ಟ್, ಆರರಿಂದ ಒಂಬತ್ತು ತಿಂಗಳು ಕಾಯೋದು, ಆಮೇಲೆ ಇಂಪ್ಲಾಂಟ್, ಮತ್ತೆ ಕೆಲವು ತಿಂಗಳು, ಆಮೇಲೆ ಕ್ಯಾಪ್. ಒಂದು ವರ್ಷದ ಮೇಲಾಗುತ್ತೆ.

ಎರಡನೆಯದು ಕೆಳಗಿನಿಂದ ಮಾಡೋದು. ಇಂಪ್ಲಾಂಟ್‌ಗೆ ಕೊರೆದ ತೂತಿನಿಂದಲೇ ಸೈನಸ್ ನೆಲವನ್ನ ಮೆಲ್ಲಗೆ ಮೇಲಕ್ಕೆ ತಳ್ಳೋದು. ರಾಬರ್ಟ್ ಸಮ್ಮರ್ಸ್ ಅನ್ನೋರು 1994ರಲ್ಲಿ ವಿವರಿಸಿದ ವಿಧಾನ. 5-6 ಮಿಲಿಮೀಟರ್ ಮೂಳೆ ಇದ್ದು, ಇನ್ನೊಂದೆರಡು ಮೂರು ಮಿಲಿಮೀಟರ್ ಬೇಕಾದಾಗ ಇದು. ಗಾಯ ಸಣ್ಣದು, ಖರ್ಚು ಕಡಿಮೆ. ಮೂಲ ವಿಧಾನದಲ್ಲಿ ಸಣ್ಣ ಉಳಿಯಂಥ ಸಲಕರಣೆ ಇಟ್ಟು ಸುತ್ತಿಗೆಯಲ್ಲಿ ತಟ್ಟುತ್ತಾರೆ. ನೋವಿರಲ್ಲ, ಆದ್ರೆ ತಲೆಯೊಳಗೆ ಟಕ್ ಟಕ್ ಕೇಳುತ್ತೆ. ಕೆಲವರಿಗೆ ಆಮೇಲೆ ಮಗ್ಗುಲು ಬದಲಿಸಿದಾಗ ತಲೆಸುತ್ತು ಬರೋದೂ ಉಂಟು. ಇದನ್ನ ಮುಂಚೆಯೇ ಹೇಳಿದ್ರೆ ಅರ್ಧ ಭಯ ಕಡಿಮೆ. ಈಗ ತಟ್ಟದೆ ಡ್ರಿಲ್‌ನಲ್ಲೇ, ನೀರಿನ ಒತ್ತಡದಲ್ಲೇ ಎತ್ತೋ ಕಿಟ್‌ಗಳೂ ಬಂದಿವೆ.

ಈ ಅಳತೆಗಳ ಗಡಿ ಡಾಕ್ಟರಿಂದ ಡಾಕ್ಟರಿಗೆ ಒಂದು ಮಿಲಿಮೀಟರ್ ಆಚೀಚೆ ಆಗಬಹುದು. ಆದ್ರೆ ನೀವು ನೆನಪಿಡಬೇಕಾದ ಮಾತು ಒಂದೇ: "ನಂಗೆ ಅಲ್ಲಿ ಎಷ್ಟು ಮಿಲಿಮೀಟರ್ ಮೂಳೆ ಇದೆ?" ಈ ಪ್ರಶ್ನೆಗೆ ನಂಬರ್‌ನಲ್ಲಿ ಉತ್ತರ ಬರಬೇಕು. "ಸ್ವಲ್ಪ ಕಮ್ಮಿ ಇದೆ" ಅನ್ನೋದು ಉತ್ತರ ಅಲ್ಲ. ಮತ್ತೆ ಆ ನಂಬರ್ ಬರಬೇಕಾದ್ದು ಸಿಬಿಸಿಟಿ ಅನ್ನೋ ಮೂರು ಆಯಾಮದ ಸ್ಕ್ಯಾನ್‌ನಿಂದ.

ಅಮ್ಮನ ನಂಬರ್

ನಾವು ಕ್ಲಿನಿಕ್‌ಗೆ ಸ್ಕ್ಯಾನ್ ಫೈಲ್ ಕೇಳಿದ್ವಿ. ಮೊದಲು ಪ್ರಿಂಟ್ ಮಾತ್ರ ಕೊಡ್ತೀವಿ ಅಂದ್ರು. ದುಡ್ಡು ಕೊಟ್ಟು ಮಾಡಿಸಿದ ಸ್ಕ್ಯಾನ್ ನಮ್ಮದಲ್ವಾ ಅಂತ ಮತ್ತೆ ಕೇಳಿದ್ಮೇಲೆ ಪೆನ್‌ಡ್ರೈವ್‌ಗೆ ಹಾಕಿ ಕೊಟ್ರು. ಡಿಸ್ಕೌಂಟ್‌ನ ವಾರ ಕಳೆದು ಹೋಯ್ತು, ಹೋಗಲಿ ಅಂತ ಬಿಟ್ವಿ. ಆರು ವರ್ಷ ಕಾದ ಜಾಗ, ಒಂದು ವಾರದಲ್ಲಿ ಏನೂ ಆಗಲ್ಲ.

ಆ ಫೈಲ್ ತಗೊಂಡು ಎರಡನೇ ಅಭಿಪ್ರಾಯಕ್ಕೆ ಊರಿನ ಒಂದು ಡೆಂಟಲ್ ಕಾಲೇಜಿಗೆ ಹೋದ್ವಿ. ದಾವಣಗೆರೆ, ಧಾರವಾಡ, ಮೈಸೂರು, ಮಂಗಳೂರು, ಮಣಿಪಾಲ, ಬೆಂಗಳೂರು, ಹೀಗೆ ನಮ್ಮ ರಾಜ್ಯದಲ್ಲಿ ಡೆಂಟಲ್ ಕಾಲೇಜಿಗೆ ಬರ ಇಲ್ಲ. ಅಲ್ಲಿ ಕ್ಯೂ ಇರುತ್ತೆ, ಪಿಜಿ ವಿದ್ಯಾರ್ಥಿಗಳು ನೋಡ್ತಾರೆ, ಟೈಮ್ ಹಿಡಿಯುತ್ತೆ. ಆದ್ರೆ ಹಿರಿಯ ಪ್ರೊಫೆಸರ್ ಬಂದು ನೋಡೋವರೆಗೂ ತೀರ್ಮಾನ ಆಗಲ್ಲ, ಮತ್ತೆ ಖರ್ಚೂ ಕಡಿಮೆ.

ಅಳತೆ ಹೇಳಿದ್ರು. ಮೊದಲ ದವಡೆ ಹಲ್ಲಿನ ಜಾಗದಲ್ಲಿ 6 ಮಿಲಿಮೀಟರ್. ಅದರ ಹಿಂದಿನದರಲ್ಲಿ 3.

ಆಮೇಲೆ ಆ ಮೇಡಂ ಕೇಳಿದ ಪ್ರಶ್ನೆಯನ್ನ ಅದುವರೆಗೆ ಯಾರೂ ಕೇಳಿರಲಿಲ್ಲ. "ಅಮ್ಮಾ, ನಿಮಗೆ ಎರಡೂ ಹಲ್ಲು ಬೇಕೇ ಬೇಕಾ? ರೊಟ್ಟಿ ಅಗಿಯೋಕೆ ಆದ್ರೆ ಸಾಕಾ?" ಅಂತ.

ಅದರ ಹಿಂದೆ ಒಂದು ಲೆಕ್ಕ ಇದೆ. ಎರಡನೇ ದವಡೆ ಹಲ್ಲು ಇಲ್ಲದೆಯೂ ಬಹಳ ಜನ ಚೆನ್ನಾಗಿ ಅಗಿದು ಉಣ್ತಾರೆ. ಹಲ್ಲಿನ ಸಾಲು ಸ್ವಲ್ಪ ಗಿಡ್ಡವಾಗಿದ್ರೂ ನಡೆಯುತ್ತೆ ಅನ್ನೋ ವಿಚಾರವನ್ನ ನೆದರ್ಲೆಂಡ್ಸ್‌ನ ಕೈಸರ್ ಅನ್ನೋರು 1981ರಲ್ಲೇ ಮುಂದಿಟ್ಟಿದ್ರು. ಅಮ್ಮನಿಗೆ ಎರಡೂ ಹಲ್ಲು ಬೇಕು ಅಂದ್ರೆ 3 ಮಿಲಿಮೀಟರ್ ಜಾಗಕ್ಕಾಗಿ ದೊಡ್ಡ ಕಿಟಕಿ ಸರ್ಜರಿ ಬೇಕೇ ಬೇಕು. ಮುಂದಿನ ಒಂದು ಹಲ್ಲು ಸಾಕು ಅಂದ್ರೆ 6 ಮಿಲಿಮೀಟರ್ ಇದೆ, ಕೆಳಗಿನಿಂದ ಸಣ್ಣ ಲಿಫ್ಟ್ ಮಾಡಿ ಅದೇ ದಿನ 8 ಮಿಲಿಮೀಟರಿನ ಇಂಪ್ಲಾಂಟ್ ಹಾಕಬಹುದು. ಅದರ ಖರ್ಚು ಇಂಪ್ಲಾಂಟ್ ಮತ್ತು ಕ್ಯಾಪ್ 34,000, ಲಿಫ್ಟ್ 9,000. ಒಟ್ಟು 43,000.

ಮೊದಲ ಕ್ಲಿನಿಕ್‌ನ ಪ್ಲಾನ್ ಸುಳ್ಳು ಅಂತ ನಾನು ಹೇಳ್ತಿಲ್ಲ. ಎರಡು ಹಲ್ಲು ಹೋಗಿದೆ, ಎರಡಕ್ಕೂ ಲೆಕ್ಕ ಕೊಟ್ರು. ಆ ಲೆಕ್ಕ ಸರಿಯೇ ಇತ್ತು. ಆದ್ರೆ ಒಂದು ಹಲ್ಲಿನ ಲೆಕ್ಕವೂ ಇದೆ ಅಂತ ಹಾಳೆಯಲ್ಲಿ ಇರಲಿಲ್ಲ. ಒಂದರ ಬದಲು ಎರಡು ದಾರಿ ತೋರಿಸಿ, ಎರಡರ ಲಾಭ-ನಷ್ಟ ಹೇಳಿದಾಗಲೇ ಅದು ಒಪ್ಪಿಗೆ. ಇಲ್ಲದಿದ್ರೆ ಬರೀ ಸಹಿ. ಒಂದೇ ಹಲ್ಲಿನ ದಾರಿಗೂ ನಷ್ಟ ಇದೆ. ಕೆಳಗಿನ ಹಲ್ಲಿಗೆ ಎದುರಿಗೆ ಜೋಡಿ ಇಲ್ಲದಿದ್ರೆ ಅದು ನಿಧಾನಕ್ಕೆ ಮೇಲಕ್ಕೆ ಬರಬಹುದು, ಅದನ್ನ ಆಗಾಗ ನೋಡ್ತಿರಬೇಕು ಅಂತ ಮೇಡಂ ಅವತ್ತೇ ಹೇಳಿದ್ರು.

ಬೇರೆ ದಾರಿಗಳು

ಸೈನಸ್ ಲಿಫ್ಟ್ ಬೇಡ ಅಂದ್ರೆ ಏನಿದೆ? ಗಿಡ್ಡ ಇಂಪ್ಲಾಂಟ್ ಇದೆ. 5ರಿಂದ 8 ಮಿಲಿಮೀಟರಿನದು. ವೈದ್ಯಕೀಯ ಅಧ್ಯಯನಗಳನ್ನ ಒಟ್ಟು ಮಾಡಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆ 2014ರಲ್ಲಿ ಇದನ್ನ ಪರಿಶೀಲಿಸಿತ್ತು. 4ರಿಂದ 9 ಮಿಲಿಮೀಟರ್ ಮೂಳೆ ಇರೋರಲ್ಲಿ ಸೈನಸ್ ಲಿಫ್ಟ್ ಮೇಲೋ, ಗಿಡ್ಡ ಇಂಪ್ಲಾಂಟ್ ಮೇಲೋ ಅಂತ ತೀರ್ಪು ಕೊಡೋಕೆ ಪುರಾವೆ ಸಾಲದು, ಆದ್ರೆ ತೊಡಕುಗಳು ಸೈನಸ್ ಲಿಫ್ಟ್ ಮಾಡಿದ ಕಡೆಯೇ ಹೆಚ್ಚು ಅಂತ ಹೇಳಿತ್ತು. ಅದೂ ಮೊದಲ ಒಂದು ವರ್ಷದ ಲೆಕ್ಕ. ಹಾಗಾಗಿ "ಗಿಡ್ಡ ಇಂಪ್ಲಾಂಟ್ ನಂಗೆ ಆಗುತ್ತಾ, ಆಗಲ್ಲ ಅಂದ್ರೆ ಯಾಕೆ?" ಅಂತ ಕೇಳೋದು ನ್ಯಾಯವಾದ ಪ್ರಶ್ನೆ.

ಬ್ರಿಡ್ಜ್ ಇದೆ. ಖಾಲಿ ಜಾಗದ ಎರಡೂ ಪಕ್ಕ ಗಟ್ಟಿ ಹಲ್ಲು ಬೇಕು, ಅವನ್ನ ಅರೆದು ಸಣ್ಣ ಮಾಡಬೇಕು. ಅಮ್ಮನಿಗೆ ಹಿಂದೆ ಹಲ್ಲೇ ಇಲ್ಲ, ಹಾಗಾಗಿ ಅದು ಆಗಲಿಲ್ಲ. ತೆಗೆದು ಹಾಕೋ ಹಲ್ಲಿನ ಸೆಟ್ ಇದೆ, ಎಲ್ಲಕ್ಕಿಂತ ಅಗ್ಗ. ಹಾಗೇ ಬಿಡೋದೂ ಒಂದು ದಾರಿಯೇ.

ಪುಡಿ ಯಾವುದರದ್ದು?

ಈ ಭಾಗವನ್ನ ಗಮನ ಇಟ್ಟು ಕೇಳಿ. ಎಸ್ಟಿಮೇಟ್‌ನಲ್ಲಿ "ಬೋನ್ ಗ್ರಾಫ್ಟ್" ಅಂತ ಎರಡು ಪದ ಇರುತ್ತೆ. ಅದು ಎಲ್ಲಿಂದ ಬಂದ ಮೂಳೆ ಅಂತ ಇರಲ್ಲ.

ನಾಲ್ಕು ಮೂಲಗಳಿವೆ. ಒಂದು, ನಿಮ್ಮದೇ ದೇಹದ ಮೂಳೆ, ಸಾಮಾನ್ಯವಾಗಿ ದವಡೆಯ ಬೇರೆ ಭಾಗದಿಂದ. ಎರಡು, ದಾನಿಗಳಿಂದ ಬಂದು ಸಂಸ್ಕರಿಸಿದ ಮನುಷ್ಯರ ಮೂಳೆ. ಮೂರು, ಪ್ರಾಣಿಮೂಲದ್ದು. ಜಗತ್ತಿನಲ್ಲಿ ತುಂಬಾ ಬಳಕೆಯಲ್ಲಿರೋದು ದನದ ಮೂಳೆಯಿಂದ ಮಾಡಿದ್ದು, ಹಂದಿ ಮೂಲದ್ದೂ ಇದೆ. ನಾಲ್ಕು, ಲ್ಯಾಬ್‌ನಲ್ಲಿ ತಯಾರಾದ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ. ಮೇಲೆ ಮುಚ್ಚೋ ಕೊಲಾಜೆನ್ ಪರದೆಯೂ ಸಾಮಾನ್ಯವಾಗಿ ಪ್ರಾಣಿಮೂಲದ್ದೇ.

ದನದ ಮೂಳೆಯ ಗ್ರಾಫ್ಟ್‌ನಲ್ಲಿ ಜೈವಿಕ ಅಂಶ ತೆಗೆದು ಖನಿಜ ಭಾಗ ಮಾತ್ರ ಉಳಿಸಿರ್ತಾರೆ. ಅದು ಬೇಗ ಕರಗಲ್ಲ, ಎತ್ತಿದ ಜಾಗವನ್ನ ಬಹಳ ಕಾಲ ಹಿಡಿದಿಡುತ್ತೆ, ಅದಕ್ಕೇ ಡಾಕ್ಟರುಗಳಿಗೆ ಅದರ ಮೇಲೆ ನಂಬಿಕೆ. ಇಲ್ಲಿ ಯಾವುದು ಸರಿ ಯಾವುದು ತಪ್ಪು ಅಂತ ನಾನು ಹೇಳಲ್ಲ. ಕೆಲವರಿಗೆ ಅದರಿಂದ ಏನೂ ಅನ್ನಿಸಲ್ಲ. ಕೆಲವರಿಗೆ ಧರ್ಮದ ಕಾರಣಕ್ಕೋ, ಊಟದ ಪದ್ಧತಿಯ ಕಾರಣಕ್ಕೋ ಅದು ದೊಡ್ಡ ವಿಷಯ. ಅವರವರ ದೇಹ, ಅವರವರ ತೀರ್ಮಾನ. ಆದ್ರೆ ತೀರ್ಮಾನ ಮಾಡೋಕೆ ಮೊದಲು ಗೊತ್ತಿರಬೇಕಲ್ವಾ?

ನಮ್ಮಮ್ಮ ಮೊಟ್ಟೆ ಕೂಡ ತಿನ್ನಲ್ಲ. ನಾನು ವಿಷಯ ಹೇಳಿದಾಗ ಒಂದು ನಿಮಿಷ ಸುಮ್ಮನಿದ್ದು, "ಹೇಳಿದ್ರೆ ಬೇಡ ಅಂತಿದ್ದೆ, ಹೇಳದೆ ಹಾಕಿದ್ರೆ ಗೊತ್ತಾದ ದಿನ ಏನು ಮಾಡ್ತಿದ್ದೆ?" ಅಂದ್ರು. ಕಾಲೇಜಿನಲ್ಲಿ ಕೇಳಿದಾಗ, ಸಣ್ಣ ಲಿಫ್ಟ್ ಆದ್ದರಿಂದ ಸ್ವಲ್ಪವೇ ಸಾಕು, ಲ್ಯಾಬ್‌ನದ್ದೇ ಹಾಕ್ತೀವಿ ಅಂತ ಒಪ್ಪಿ, ಕೇಸ್ ಶೀಟ್‌ನಲ್ಲೂ ಬರೆದ್ರು. ಕೇಳೋಕೆ ಹಿಡಿದಿದ್ದು ಎರಡು ನಿಮಿಷ.

ಏನೇನು ಕೆಡಬಹುದು?

ಸಾಮಾನ್ಯ ತೊಡಕು ಅಂದ್ರೆ ಆ ಪೊರೆ ಹರಿಯೋದು. ಕಿಟಕಿ ವಿಧಾನದ ಬಗ್ಗೆ 2008ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯಲ್ಲಿ ಸುಮಾರು 20 ಪರ್ಸೆಂಟ್, ಅಂದ್ರೆ ಐದರಲ್ಲಿ ಒಂದು ಕೇಸ್‌ನಲ್ಲಿ ಪೊರೆ ಹರಿದಿತ್ತು. ಕೇಳಿದ್ರೆ ಭಯ ಆಗುತ್ತೆ. ಆದ್ರೆ ಸಣ್ಣ ಹರಿತವನ್ನ ಅಲ್ಲೇ ಮುಚ್ಚಿ ಮುಂದುವರಿಸ್ತಾರೆ. ದೊಡ್ಡದಾದ್ರೆ ಅವತ್ತಿಗೆ ನಿಲ್ಲಿಸಿ, ಮಾಗಿದ ಮೇಲೆ ಮತ್ತೆ ಮಾಡ್ತಾರೆ. ಅದೇ ಪರಿಶೀಲನೆಯಲ್ಲಿ ಒಟ್ಟಾರೆ ಮೂರು ವರ್ಷದ ನಂತರ ಹತ್ತರಲ್ಲಿ ಒಂಬತ್ತು ಇಂಪ್ಲಾಂಟ್ ಉಳಿದಿದ್ವು. ಹೊಸ ಬಗೆಯ ಒರಟು ಮೈ ಇಂಪ್ಲಾಂಟ್ ಹಾಕಿ, ಕಿಟಕಿಗೆ ಪರದೆ ಮುಚ್ಚಿದ ಕಡೆ ಅದು 98 ಪರ್ಸೆಂಟ್‌ವರೆಗೂ ಇತ್ತು. ಬಾವು, ಸೋಂಕು, ಸೈನಸೈಟಿಸ್, ಗ್ರಾಫ್ಟ್ ಹಾಳಾಗೋದು, ಅಪರೂಪಕ್ಕೆ ಇಂಪ್ಲಾಂಟ್ ಸೈನಸ್ ಒಳಗೆ ಜಾರೋದು, ಇವೂ ಪಟ್ಟಿಯಲ್ಲಿವೆ.

ಸಿಗರೇಟ್ ಸೇದೋರಿಗೆ, ಶುಗರ್ ಹತೋಟಿಯಲ್ಲಿ ಇಲ್ಲದೋರಿಗೆ ಅಪಾಯ ಹೆಚ್ಚು. ಸೈನಸ್‌ನಲ್ಲಿ ಮೊದಲೇ ಸೋಂಕು ಇದ್ರೆ ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ರ ಅದನ್ನ ಮೊದಲು ಸರಿಮಾಡಿಸಬೇಕು. ಮೂಳೆ ಸವೆತಕ್ಕೆ ಅಂತ ಮಾತ್ರೆಯೋ ಇಂಜೆಕ್ಷನ್ನೋ ತಗೊಳ್ಳೋ ಹಿರಿಯರು, ರಕ್ತ ತೆಳುವಾಗೋ ಮಾತ್ರೆ ನುಂಗೋರು ಅದನ್ನ ಹೇಳಲೇಬೇಕು. ಕೆಲವು ಮೂಳೆ ಔಷಧಿಗಳಿಂದ ದವಡೆಯ ಗಾಯ ಮಾಗದೆ ಉಳಿಯೋ ಅಪಾಯ ಇದೆ.

ಅಮ್ಮನಿಗೆ ಶುಗರ್. ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ 8.6 ಇತ್ತು. "ಇದನ್ನ ಇಳಿಸಿಕೊಂಡು ಬನ್ನಿ" ಅಂತ ವಾಪಸ್ ಕಳಿಸಿದ್ರು. ನಾಲ್ಕು ತಿಂಗಳು ವಾಕಿಂಗು, ರಾತ್ರಿ ಅನ್ನ ಬಿಟ್ಟು ರೊಟ್ಟಿ, ಮಾತ್ರೆ ಬದಲಾವಣೆ. 7.1ಕ್ಕೆ ಬಂತು. ಆಮೇಲೆ ಸರ್ಜರಿ. ಜಾಗ ಮರಗಟ್ಟಿಸಿ ಮಾಡಿದ್ರು, ಮುಕ್ಕಾಲು ಗಂಟೆ. ಈಗ ಮೂರು ತಿಂಗಳಾಗಿದೆ, ಇಂಪ್ಲಾಂಟ್ ಗಟ್ಟಿ ಕೂತಿದೆ, ಮುಂದಿನ ತಿಂಗಳು ಕ್ಯಾಪ್.

ಆಮೇಲಿನ ಎರಡು ವಾರ

ಇಲ್ಲಿ ಎಲ್ಲಾ ನಿಯಮಕ್ಕೂ ಒಂದೇ ತಾತ್ಪರ್ಯ: ಮೂಗಿನೊಳಗೆ ಒತ್ತಡ ಏರಬಾರದು. ಮೂಗು ಸೀಂಟಬಾರದು, ಒರೆಸಿಕೊಳ್ಳಬೇಕು ಅಷ್ಟೇ. ಸೀನು ಬಂದ್ರೆ ತಡೀಬಾರದು, ಬಾಯಿ ತೆರೆದು ಸೀನಬೇಕು. ಸ್ಟ್ರಾ ಹಾಕಿ ಎಳನೀರು ಕುಡಿಯೋ ಹಾಗಿಲ್ಲ. ಸಿಗರೇಟ್ ಬೇಡವೇ ಬೇಡ. ಭಾರ ಎತ್ತೋದು, ಜಿಮ್, ಈಜು ಬೇಡ. ವಿಮಾನ ಪ್ರಯಾಣ ಇದ್ರೆ ಮೊದಲೇ ಡಾಕ್ಟರ್‌ಗೆ ಹೇಳಿ.

ಇಂಗ್ಲಿಷ್ ಹಾಳೆಯಲ್ಲಿ ಇರದ, ನಮ್ಮ ಮನೆಗಳಲ್ಲಿ ಇರೋ ಒಂದೆರಡು ಸೇರಿಸ್ತೀನಿ. ಅಮ್ಮ ದಿನಾ ಬೆಳಗ್ಗೆ ಕಪಾಲಭಾತಿ ಮಾಡ್ತಾರೆ. ಅದು, ಭಸ್ತ್ರಿಕಾ, ಜಲನೇತಿ, ಪೂಜೆಗೆ ಶಂಖ ಊದೋದು, ಎಲ್ಲಾ ಇದೇ ಲೆಕ್ಕಕ್ಕೆ ಬರುತ್ತೆ. ಯಾವಾಗ ಮತ್ತೆ ಶುರು ಮಾಡಬಹುದು ಅಂತ ಕೇಳ್ಕೊಳ್ಳಿ. ಹಿರಿಯರು ಇವನ್ನ "ವ್ಯಾಯಾಮ" ಅಂತ ಎಣಿಸೋದೇ ಇಲ್ಲ, ಹಾಗಾಗಿ ಡಾಕ್ಟರ್ ಕೇಳಿದಾಗಲೂ ಹೇಳಲ್ಲ.

ಎರಡು ಮೂರು ದಿನ ಕೆನ್ನೆ ಊತ, ಮೂಗಿನಿಂದ ಒಂದಿಷ್ಟು ರಕ್ತದ ಕಲೆ ಬರಬಹುದು. ಆದ್ರೆ ಜ್ವರ, ಕೆಟ್ಟ ವಾಸನೆ, ಒಂದೇ ಹೊಳ್ಳೆಯಿಂದ ಬಿಡದೆ ಸೋರೋದು, ಮೂಗಿನಿಂದ ಮರಳಿನಂಥ ಹರಳು ಬರೋದು, ದಿನೇ ದಿನೇ ಊತ ಜಾಸ್ತಿಯಾಗೋದು ಕಂಡ್ರೆ, ಅವತ್ತೇ ಫೋನ್ ಮಾಡಬೇಕು.

ಎಸ್ಟಿಮೇಟ್ ಓದೋ ವಿಧಾನ

ಈಗ ನನ್ನ ಸಬ್ಜೆಕ್ಟ್. ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1. ಮೂಳೆ ಎಷ್ಟು ಮಿಲಿಮೀಟರ್ ಇದೆ, ಯಾವ ವಿಧಾನ, ಒಂದು ಹಂತವೋ ಎರಡು ಹಂತವೋ, ಬರೆಸಿಕೊಳ್ಳಿ.
2. ಸರ್ಜರಿ, ಗ್ರಾಫ್ಟ್, ಪರದೆ, ಇಂಪ್ಲಾಂಟ್, ಮಧ್ಯದ ಜೋಡಣೆ ಭಾಗ, ಕ್ಯಾಪ್, ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು ಕೇಳಿ. "ಪ್ಯಾಕೇಜ್" ಅಂದ್ರೆ ಒಳಗೇನಿದೆ, ಏನಿಲ್ಲ ಅಂತ ಕೇಳಿ. ನಿಮಗೆ ಬೇಕಾದ ಮೊತ್ತ ಒಂದೇ: ಅಗಿದು ತಿನ್ನೋ ದಿನದವರೆಗೆ ಒಟ್ಟು ಎಷ್ಟು?
3. ಗ್ರಾಫ್ಟ್ ಕೆಟ್ರೆ, ಇಂಪ್ಲಾಂಟ್ ಬಿದ್ರೆ, ಮತ್ತೆ ಮಾಡೋ ಖರ್ಚು ಯಾರದ್ದು? "ಲೈಫ್‌ಟೈಮ್ ವಾರಂಟಿ" ಕಂಪನಿ ಕೊಡೋ ಸ್ಕ್ರೂಗೆ ಮಾತ್ರ ಇರಬಹುದು, ಡಾಕ್ಟರ್ ಫೀಸಿಗೆ, ಕ್ಯಾಪಿಗೆ ಇರದೇ ಇರಬಹುದು.
4. ಇಂಪ್ಲಾಂಟ್ ಮತ್ತು ಗ್ರಾಫ್ಟ್ ಡಬ್ಬಿಯ ಮೇಲಿನ ಸ್ಟಿಕ್ಕರ್ ಕೇಳಿ ಇಸ್ಕೊಳ್ಳಿ. ಬ್ರ್ಯಾಂಡ್, ಸೈಜು, ಲಾಟ್ ನಂಬರ್ ಅದರಲ್ಲಿರುತ್ತೆ. ಹತ್ತು ವರ್ಷದ ಮೇಲೆ ಬೇರೆ ಊರಲ್ಲಿ ಸ್ಕ್ರೂ ಸಡಿಲವಾದ್ರೆ ಆ ಡಾಕ್ಟರ್ ಮೊದಲು ಕೇಳೋದು ಅದನ್ನೇ.
5. ಒಂದೇ ಸಲ ಪೂರ್ತಿ ಕಟ್ಟಬೇಡಿ, ಹಂತ ಮುಗಿದ ಹಾಗೆ ಕಟ್ಟಿ. "ನೋ ಕಾಸ್ಟ್ ಇಎಂಐ" ಅಂದ್ರೆ ಪ್ರೊಸೆಸಿಂಗ್ ಫೀಸ್ ನೋಡಿ, ಕ್ಯಾಶ್ ಕೊಟ್ರೆ ಸಿಗ್ತಿದ್ದ ಡಿಸ್ಕೌಂಟ್ ಹೋಯ್ತಾ ಅಂತಾನೂ ನೋಡಿ. ಎರಡು ಸೇರಿದ್ರೆ ಅದೇ ಬಡ್ಡಿ.
6. ಹೆಲ್ತ್ ಇನ್ಶೂರೆನ್ಸ್ ಇದಕ್ಕೆ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಹೆಚ್ಚಿನ ಪಾಲಿಸಿಗಳಲ್ಲಿ ಅಪಘಾತದಿಂದಾದ ಹಾನಿ ಬಿಟ್ರೆ ಹಲ್ಲಿನ ಚಿಕಿತ್ಸೆ ಹೊರಗೇ.
7. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ ಕಾಯ್ದೆಯಡಿ ನೋಂದಣಿ ಆಗಿರಬೇಕು, ದರಪಟ್ಟಿ ಕಾಣೋ ಹಾಗೆ ಇಟ್ಟಿರಬೇಕು. ಗೋಡೆ ನೋಡಿ. ಸರ್ಜರಿ ಮಾಡೋ ಡಾಕ್ಟರ್ ಯಾರು, ಇಂಥವು ಎಷ್ಟು ಮಾಡಿದ್ದಾರೆ ಅಂತ ಕೇಳಿ. ಕೆಲವು ಕಡೆ ಆ ದಿನಕ್ಕೆ ಮಾತ್ರ ಹೊರಗಿನಿಂದ ತಜ್ಞರು ಬರ್ತಾರೆ, ತಪ್ಪೇನಿಲ್ಲ. ಆದ್ರೆ ರಾತ್ರಿ ಹನ್ನೊಂದಕ್ಕೆ ರಕ್ತ ಬಂದ್ರೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರಲಿ.

ಕೊನೆಯದಾಗಿ, ನಮ್ಮ ವಯಸ್ಸಿನವರಿಗೆ

ಹಲ್ಲು ನೋವು ಬಂದಾಗ "ಕಿತ್ತಾಕ್ಸಿಬಿಡು, ತಲೆನೋವು ಹೋಗುತ್ತೆ" ಅನ್ನೋರು ಎಲ್ಲಾ ಮನೆಯಲ್ಲೂ ಇದ್ದಾರೆ. ರೂಟ್ ಕೆನಾಲ್‌ಗೆ ಆಗೋ ಖರ್ಚು ನೋಡಿ ಕೀಳಿಸೋದು ಅಗ್ಗ ಅಂತ ಅನ್ನಿಸೋದೂ ಸಹಜ. ಆದ್ರೆ ಆ ದಿನದ ಉಳಿತಾಯ ಮೂಳೆಯ ಖಾತೆಯಿಂದ ತೆಗೆದಿದ್ದು. ಉಳಿಸೋಕೆ ಆಗೋ ಹಲ್ಲನ್ನ ಉಳಿಸಿಕೊಳ್ಳಿ. ಕೀಳಿಸಲೇಬೇಕು ಅಂದ್ರೆ, ಕೀಳೋ ಮುಂಚೆ ಎರಡು ಪ್ರಶ್ನೆ ಕೇಳಿ: ಈ ಜಾಗಕ್ಕೆ ಮುಂದೇನು ಹಾಕ್ತೀವಿ, ಯಾವಾಗ? ಗುಳಿಯಲ್ಲೇ ಗ್ರಾಫ್ಟ್ ತುಂಬಿ ಮೂಳೆ ಉಳಿಸೋದು ನನ್ನ ಕೇಸ್‌ನಲ್ಲಿ ಉಪಯೋಗ ಇದೆಯಾ? ಎಲ್ಲರಿಗೂ ಅದು ಬೇಕಿಲ್ಲ, ಸೈನಸ್ ಹಿಗ್ಗೋದನ್ನ ಪೂರ್ತಿ ತಡೆಯೋದೂ ಇಲ್ಲ. ಆದ್ರೆ ಕೇಳಿದ್ರೆ ನಷ್ಟ ಇಲ್ಲ.

ಮನೆಯಲ್ಲಿ ಯಾರಾದ್ರೂ ಒಂದೇ ಕಡೆ ಅಗೀತಾ ಇದ್ದಾರಾ ಅಂತ ಇವತ್ತು ರಾತ್ರಿ ಊಟಕ್ಕೆ ಕೂತಾಗ ನೋಡಿ. ಇದ್ರೆ ಈ ಸಂಚಿಕೆ ಅವರಿಗೆ ಕಳಿಸಿ. ಅವರ ಹತ್ರ ಎಸ್ಟಿಮೇಟ್ ಇದ್ರೆ, ಜೊತೆಗೆ ಕೂತು ಒಂದೊಂದೇ ಸಾಲು ಓದಿ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ಚೆನ್ನಾಗಿ ಅಗಿದು ಉಣ್ಣಿ. ನಮಸ್ಕಾರ.